ಹಾಜರಿಯ ಲೆಕ್ಕ ದುಡಿಯುವವರ ಕೈಯಲ್ಲೂ ಇರಲಿ

2024ರ ಜನವರಿ 28ರಂದು ಬೆಳ್ತಂಗಡಿ ತಾಲ್ಲೂಕಿನ ವೇಣೂರು ಸಮೀಪದ ಕುಕ್ಕೇಡಿ ಗ್ರಾಮದಲ್ಲಿ ಪಟಾಕಿ ತಯಾರಿಸುವ ಘಟಕವೊಂದು ಸ್ಫೋಟಗೊಂಡು ಮೂವರು ಕಾರ್ಮಿಕರು ಸತ್ತರು. ಇಬ್ಬರು ಕೇರಳದವರು, ಒಬ್ಬ ಹಾಸನದ ಯುವಕ. ಅದಕ್ಕೂ ಮೊದಲು, 2022ರ ಜುಲೈ ತಿಂಗಳ ಮಳೆಗೆ ಬಂಟ್ವಾಳ ತಾಲ್ಲೂಕಿನ ಪಂಜಿಕಲ್ಲಿನಲ್ಲಿ ಗುಡ್ಡ ಜರಿದು, ರಬ್ಬರ್ ಟ್ಯಾಪಿಂಗ್ ಕೆಲಸಕ್ಕೆ ಕೇರಳದಿಂದ ಬಂದು ಅಲ್ಲೇ ಉಳಿದುಕೊಂಡಿದ್ದ ಮೂವರು ಪ್ರಾಣ ಕಳೆದುಕೊಂಡಿದ್ದರು. ಅದೇ ವರ್ಷದ ಏಪ್ರಿಲ್‌ನಲ್ಲಿ, ಮೂಡುಬಿದಿರೆಗೆ ದೂರವಲ್ಲದ ಬಜ್ಪೆಯ ವಿಶೇಷ ಆರ್ಥಿಕ ವಲಯದಲ್ಲಿ ಮೀನು ಸಂಸ್ಕರಣ ಘಟಕದ ತೊಟ್ಟಿಯೊಳಗಿನ ವಿಷಾನಿಲಕ್ಕೆ ಪಶ್ಚಿಮ ಬಂಗಾಳದ ಐವರು ಬಲಿಯಾಗಿದ್ದರು.

ಇಂಥ ಸುದ್ದಿ ಎರಡು ದಿನ ಪತ್ರಿಕೆಯಲ್ಲಿರುತ್ತದೆ. ದುಡಿಯುವವನನ್ನು ಕಳೆದುಕೊಂಡ ಯಾವುದೇ ಮನೆಯವರಿಗೆ ನಿಜವಾದ ಕಷ್ಟ ಶುರುವಾಗುವುದು ಮೂರನೆಯ ದಿನದಿಂದ. ಸತ್ತವರು ಇಲ್ಲಿ ಕೆಲಸಕ್ಕಿದ್ದರು ಎನ್ನುವುದಕ್ಕೆ ಆಧಾರವೇನು? ದಿನಕ್ಕೆಷ್ಟು ಕೂಲಿ? ಕೊಡುತ್ತಿದ್ದವರು ಮೇಸ್ತ್ರಿಯೋ ಮಾಲೀಕರೋ? ಬಾಕಿ ಎಷ್ಟು ಉಳಿದಿತ್ತು? ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಒಂದು ಹಾಳೆ ಕೈಯಲ್ಲಿದ್ದರೆ ಕಾನೂನು ಆ ಮನೆಯ ಬೆನ್ನಿಗೆ ನಿಲ್ಲುತ್ತದೆ. ಇಲ್ಲದಿದ್ದರೆ ಹಕ್ಕು ಇದ್ದೂ ಇಲ್ಲದಂತೆ.

ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ, ನಮ್ಮ ಈ ಮೂರು ತಾಲ್ಲೂಕುಗಳಲ್ಲಿ ಇಂದು ಹೊರಗಿನವರ ಕೈ ತಾಗದ ಕೆಲಸವೇ ಕಡಿಮೆ. ಬಿ.ಸಿ.ರೋಡ್‌ನಿಂದ ಅಡ್ಡಹೊಳೆವರೆಗಿನ ಚತುಷ್ಪಥ, ಪುಂಜಾಲಕಟ್ಟೆ–ಚಾರ್ಮಾಡಿ ರಸ್ತೆ, ಮಂಗಳೂರಿನಿಂದ ಮೂಡುಬಿದಿರೆ ದಾಟಿ ಕಾರ್ಕಳಕ್ಕೆ ಹೋಗುವ ಹೆದ್ದಾರಿ, ಇವುಗಳ ಬದಿಯ ತಗಡಿನ ಶೆಡ್‌ಗಳಲ್ಲಿ ಬಿಹಾರ, ಜಾರ್ಖಂಡ್, ಒಡಿಶಾ, ಬಂಗಾಳದ ಮಾತು ಕೇಳುತ್ತದೆ. ಸೆಂಟ್ರಿಂಗ್, ಸಾರಣೆ, ಟೈಲ್ಸ್ ಕೆಲಸಕ್ಕೂ ಹೋಟೆಲಿನ ಅಡುಗೆಮನೆಗೂ ಅವರೇ. ಕೆಂಪುಕಲ್ಲಿನ ಕೋರೆಗಳಲ್ಲಿ ಮತ್ತು ರಸ್ತೆ ಬದಿಯ ಗುಂಡಿ ಅಗೆತದಲ್ಲಿ ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯ ಕುಟುಂಬಗಳಿವೆ. ಅಡಿಕೆ ತೋಟಕ್ಕೂ ಈಗ ಹೊರಗಿನ ಆಳು ಬೇಕು. ಇವರೆಲ್ಲರಿಗೂ ಇಲ್ಲಿನ ಕಾನೂನಿನಲ್ಲಿ ಪಾಲಿದೆ. ಆ ಪಾಲು ಯಾವುದೆಂದು ಹೇಳುವವರು ಬೇಕು.

ಯಾರು ವಲಸೆ ಕಾರ್ಮಿಕರು?

ಇಲ್ಲಿಂದಲೇ ತೊಡಕು ಆರಂಭ. ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದು 1979ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತ್ತು. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಾಗ ಹಳೆಯ 29 ಕಾಯ್ದೆಗಳು ಅವುಗಳೊಳಗೆ ಸೇರಿದವು. ಅವುಗಳಲ್ಲಿ 1979ರ ಕಾಯ್ದೆಯೂ ಒಂದು. ಹೊಸ ನಿಯಮಗಳು ಬಂದು ನೆಲೆಯೂರುವವರೆಗೆ ಹಳೆಯ ನಿಯಮ, ಮಂಡಳಿ, ಕಚೇರಿಗಳೇ ಮುಂದುವರಿಯುವ ವ್ಯವಸ್ಥೆ ಇದೆ. ಹಾಗಾಗಿ ‘ಕಾನೂನು ಬದಲಾಗಿದೆ, ಈಗ ಏನೂ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ.

ಆ ಕಾಯ್ದೆ ಸೇರಿಕೊಂಡ ಹೊಸ ಸಂಹಿತೆಯಲ್ಲಿ ಒಂದು ಒಳಿತಿದೆ. ಹಿಂದೆ ಗುತ್ತಿಗೆದಾರನ ಮೂಲಕ ಬಂದವರನ್ನಷ್ಟೇ ಕಾನೂನು ವಲಸೆ ಕಾರ್ಮಿಕರೆಂದು ಗುರುತಿಸುತ್ತಿತ್ತು. ಈಗ ಗೆಳೆಯನ ಫೋನ್ ಕರೆಗೆ ರೈಲು ಹತ್ತಿ ತಾವಾಗಿ ಬಂದು ಕೆಲಸ ಹಿಡಿದವರೂ, ಇಲ್ಲಿಗೆ ಬಂದ ಮೇಲೆ ಮಾಲೀಕರನ್ನು ಬದಲಿಸಿದವರೂ, ತಿಂಗಳ ಕೂಲಿ 18 ಸಾವಿರ ರೂಪಾಯಿ ಮೀರದಿದ್ದರೆ, ಆ ಲೆಕ್ಕದೊಳಗೆ ಬರುತ್ತಾರೆ. ಊರಿಗೆ ಹೋಗಿ ಬರುವ ಪ್ರಯಾಣದ ಖರ್ಚು, ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ, ಅಪಘಾತವಾದರೆ ಎರಡೂ ರಾಜ್ಯಗಳ ಅಧಿಕಾರಿಗಳಿಗೆ ಮತ್ತು ಮನೆಯವರಿಗೆ ವರದಿ ಕಳುಹಿಸುವುದು, ಇವೆಲ್ಲ ಮಾಲೀಕರ ಹೊಣೆ.

ಆದರೆ ನಷ್ಟವೂ ಆಗಿದೆ. ಹಳೆಯ ಕಾಯ್ದೆ ಐದು ಮಂದಿ ವಲಸೆ ಕಾರ್ಮಿಕರಿರುವಲ್ಲಿಗೆ ಅನ್ವಯಿಸುತ್ತಿತ್ತು. ಈಗ ಸಂಹಿತೆಯಲ್ಲಿ ವಲಸೆ ಕಾರ್ಮಿಕರಿಗೆಂದು ಇರುವ ಭಾಗ ಅನ್ವಯವಾಗಲು ಅಂಥ ಹತ್ತು ಮಂದಿ ಬೇಕು. ಊರು ಬಿಟ್ಟು ಬಂದದ್ದಕ್ಕಾಗಿ ಕೊಡಬೇಕಿದ್ದ ಸ್ಥಳಾಂತರ ಭತ್ಯೆಯೂ ಹೋಯಿತು. ನಮ್ಮ ಕಡೆಯ ಚಿಕ್ಕ ಕೋರೆ, ಚಿಕ್ಕ ಹೋಟೆಲು, ಮೂರು ನಾಲ್ಕು ಆಳುಗಳ ತೋಟ, ಇವೆಲ್ಲ ಹತ್ತರ ಗೆರೆಯ ಹೊರಗೆ ಉಳಿದವು.

ಇನ್ನೊಂದು ಕೊರತೆ ಇದಕ್ಕಿಂತ ಹಳೆಯದು. ಕೊಪ್ಪಳದಿಂದ ಬಂಟ್ವಾಳಕ್ಕೆ ಬಂದವರು ಕಾನೂನಿನ ಕಣ್ಣಿಗೆ ವಲಸೆ ಕಾರ್ಮಿಕರೇ ಅಲ್ಲ, ಏಕೆಂದರೆ ಅವರು ರಾಜ್ಯದ ಗಡಿ ದಾಟಿಲ್ಲ. ಕಾಸರಗೋಡಿನಿಂದ ವಿಟ್ಲಕ್ಕೆ ಅರ್ಧ ದಿನದೊಳಗೆ ಬಂದು ತಲುಪುವವರು ಆ ಲೆಕ್ಕಕ್ಕೆ ಸೇರುತ್ತಾರೆ. ಇಡೀ ರಾತ್ರಿ ಬಸ್ಸಿನಲ್ಲಿ ಕುಳಿತು, ಮಕ್ಕಳ ಶಾಲೆ ಬಿಡಿಸಿ, ಪಾತ್ರೆಪಗಡದ ಗಂಟು ಕಟ್ಟಿಕೊಂಡು ಬರುವ ಬಯಲುಸೀಮೆಯ ಕುಟುಂಬ ಸೇರುವುದಿಲ್ಲ. ಕುಕ್ಕೇಡಿಯಲ್ಲಿ ಸತ್ತ ಮೂವರನ್ನೇ ನೋಡಿ: ಹಾಸನದ ಯುವಕನಿಗೂ ಕೇರಳದ ಇಬ್ಬರಿಗೂ ಬೆಂಕಿ ಒಂದೇ ಆಗಿತ್ತು. ರಾಜ್ಯದೊಳಗಿನ ವಲಸಿಗರನ್ನೂ ಗುರುತಿಸುವ ನಿಯಮವನ್ನು ಕರ್ನಾಟಕ ಸರ್ಕಾರ ತಾನೇ ಮಾಡಬೇಕು ಎಂದು ನಾವು ಒತ್ತಾಯಿಸಬೇಕಾಗಿದೆ.

ಹಾಗೆಂದು ಗೆರೆಯ ಹೊರಗಿರುವವರಿಗೆ ಏನೂ ಇಲ್ಲವೆಂದಲ್ಲ. ಕೂಲಿಗೂ ಅಪಘಾತ ಪರಿಹಾರಕ್ಕೂ ಸಂಬಂಧಿಸಿದ ಕಾನೂನು ಊರು ಯಾವುದೆಂದು ಕೇಳುವುದಿಲ್ಲ. ನಿಜವಾದ ಬಲ ಇರುವುದು ಅಲ್ಲೇ.

ಕೂಲಿಯ ಮಾತು

ಉತ್ತರದ ರಾಜ್ಯಗಳಿಂದ ಬಂದವರಲ್ಲಿ ಒಂದು ಪದ್ಧತಿ ರೂಢಿಯಲ್ಲಿದೆ. ವಾರಕ್ಕೊಮ್ಮೆ ಅಕ್ಕಿ, ತರಕಾರಿ, ಫೋನ್ ರೀಚಾರ್ಜಿಗೆ ಬೇಕಾಗುವಷ್ಟು ‘ಖರ್ಚಿ’ ಕೊಡುತ್ತಾರೆ. ಉಳಿದ ಕೂಲಿ ಮೇಸ್ತ್ರಿಯ ಬಳಿ ಜಮೆಯಾಗುತ್ತದೆ. ಊರಿಗೆ ಹೊರಡುವಾಗ ಪೂರ್ತಿ ಲೆಕ್ಕ. ನಂಬಿಕೆ ಇರುವವರೆಗೆ ಇದು ನಡೆಯುತ್ತದೆ. ಮೇಸ್ತ್ರಿ ಫೋನ್ ಎತ್ತದ ದಿನ ಆರು ತಿಂಗಳ ಬೆವರು ಒಮ್ಮೆಗೇ ಹೋಗುತ್ತದೆ. ಬಯಲುಸೀಮೆಯ ಕುಟುಂಬಗಳಲ್ಲಿ ತೊಂದರೆ ಇದರ ತಿರುವುಮುರುವು. ಅಲ್ಲಿ ಮೊದಲೇ ಅಡ್ವಾನ್ಸ್ ಪಡೆದಿರುತ್ತಾರೆ, ಅದು ತೀರಿತೋ ಇಲ್ಲವೋ ಎಂಬ ಲೆಕ್ಕ ಕೊಟ್ಟವರ ಪುಸ್ತಕದಲ್ಲಿ ಮಾತ್ರ ಇರುತ್ತದೆ.

ನಾಲ್ಕು ಸಂಹಿತೆಗಳಲ್ಲಿ ಒಂದಾದ ವೇತನ ಸಂಹಿತೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ದಿನಗೂಲಿಯಾದರೆ ಆ ದಿನದ ಕೆಲಸ ಮುಗಿಯುವಾಗ ಕೂಲಿ ಕೈಸೇರಬೇಕು. ವಾರದ ಲೆಕ್ಕವಾದರೆ ವಾರದ ರಜೆಗೆ ಮೊದಲಿನ ಕೆಲಸದ ದಿನ, ತಿಂಗಳ ಲೆಕ್ಕವಾದರೆ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಸಂದಾಯವಾಗಬೇಕು. ಕೆಲಸ ಬಿಟ್ಟರೂ, ಬಿಡಿಸಿದರೂ ಎರಡು ಕೆಲಸದ ದಿನಗಳೊಳಗೆ ಬಾಕಿ ತೀರಿಸಬೇಕು. ಅಡ್ವಾನ್ಸ್ ಸೇರಿದಂತೆ ಯಾವ ಕಾರಣಕ್ಕೆ ಕಡಿತ ಮಾಡಿದರೂ ಒಟ್ಟು ಕೂಲಿಯ ಅರ್ಧಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಹೆಚ್ಚುವರಿ ಹೊತ್ತು ದುಡಿಸಿದರೆ ಆ ಹೊತ್ತಿಗೆ ಕೂಲಿ ಎರಡು ಪಟ್ಟು. ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವುದಕ್ಕೆ ಕಾರ್ಮಿಕರೇ ಒಪ್ಪಿದ್ದರೂ ಆ ಒಪ್ಪಿಗೆಗೆ ಬೆಲೆಯಿಲ್ಲ. ದೆಹಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲೇ ಸುಪ್ರೀಂ ಕೋರ್ಟ್, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ ಎಂದು ತೀರ್ಪು ಕೊಟ್ಟಿದೆ. ಸಾಲ ತೀರುವವರೆಗೆ ಜಾಗ ಬಿಟ್ಟು ಹೋಗಬಾರದೆಂದು ತಡೆದರೆ ಅದು ಜೀತ. ಜೀತ ಪದ್ಧತಿಯನ್ನು 1976ರ ಕಾಯ್ದೆ ರದ್ದು ಮಾಡಿದೆ, ಆ ಸಾಲವನ್ನೂ ಅಳಿಸಿಹಾಕಿದೆ.

ಮೇಸ್ತ್ರಿ ಕೈಕೊಟ್ಟರೆ ಯಾರನ್ನು ಕೇಳಬೇಕು? ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಯೇ ಕೊಡಬೇಕು. ‘ನಾವು ಮೇಸ್ತ್ರಿಗೆ ಕೊಟ್ಟಾಗಿದೆ’ ಎಂಬ ಉತ್ತರದಿಂದ ಕೈ ತೊಳೆದುಕೊಳ್ಳುವಂತಿಲ್ಲ. ಬಾಕಿಗಾಗಿ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ಕಾರ್ಮಿಕರೇ ಹಾಕಬೇಕೆಂದಿಲ್ಲ, ಅವರ ಸಂಘವೂ ಹಾಕಬಹುದು. ಕೂಲಿ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಭಾರ ಮಾಲೀಕರ ಮೇಲಿದೆ. ಬಾಕಿಯ ಜತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸುವ ಅಧಿಕಾರವೂ ಆ ಅರ್ಜಿಯ ವಿಚಾರಣೆ ನಡೆಸುವ ಪ್ರಾಧಿಕಾರಕ್ಕಿದೆ.

ಗಂಡ ಹೆಂಡತಿ ಇಬ್ಬರೂ ದುಡಿಯುವಲ್ಲಿ ಇನ್ನೊಂದು ಮಾತು. ಇಬ್ಬರ ಕೂಲಿಯನ್ನೂ ಒಟ್ಟು ಮಾಡಿ ಗಂಡನ ಕೈಗೆ ಕೊಡುವುದು ಸಾಮಾನ್ಯವಾಗಿದೆ. ಹೆಣ್ಣಿನ ಹಾಜರಿ ಬೇರೆ, ಅವಳ ಕೂಲಿ ಬೇರೆ. ಒಂದೇ ಬಗೆಯ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಕೊಡುವುದು ಕಾನೂನಿಗೆ ವಿರುದ್ಧ. ಅವಳ ಹೆಸರೇ ಪುಸ್ತಕದಲ್ಲಿ ಇಲ್ಲದಿದ್ದರೆ ನಾಳೆ ಪೆಟ್ಟಾದಾಗ ಅವಳು ಕೆಲಸದಲ್ಲೇ ಇರಲಿಲ್ಲ ಎಂದಾಗುತ್ತದೆ.

ಪೆಟ್ಟಾದಾಗ, ಪ್ರಾಣ ಹೋದಾಗ

ಅಪಘಾತದ ಪರಿಹಾರ 1923ರ ಕಾಯ್ದೆಯ ಕಾಲದಿಂದಲೂ ಇದೆ, ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿದೆ. ಸಾವಿನ ಸಂದರ್ಭದಲ್ಲಿ ಪರಿಹಾರವೆಂದರೆ ತಿಂಗಳ ಕೂಲಿಯ ಅರ್ಧವನ್ನು, ವಯಸ್ಸಿಗೆ ತಕ್ಕಂತೆ ಪಟ್ಟಿಯಲ್ಲಿ ನಮೂದಿಸಿರುವ ಒಂದು ಸಂಖ್ಯೆಯಿಂದ ಗುಣಿಸಿದ ಮೊತ್ತ. 30 ವರ್ಷದವರಿಗೆ ಆ ಸಂಖ್ಯೆ 207.98. ತಿಂಗಳ ಕೂಲಿ 15 ಸಾವಿರ ಎಂದು ಹಿಡಿದರೆ ಪರಿಹಾರ 15 ಲಕ್ಷ 59 ಸಾವಿರದ 850 ರೂಪಾಯಿ ಆಗುತ್ತದೆ. ಶವಾಗಾರದ ಎದುರು ನಿಂತಿರುವ ತಮ್ಮನ ಕೈಗೆ ಒಂದೆರಡು ಲಕ್ಷ ಇಟ್ಟು, ಆಂಬುಲೆನ್ಸ್ ಬಾಡಿಗೆ ಕೊಟ್ಟು, ಬಾಂಡ್ ಪೇಪರಿಗೆ ಹೆಬ್ಬೆಟ್ಟು ಹಾಕಿಸಿಕೊಂಡು ಮುಗಿಸುವ ‘ಸೆಟ್ಲ್‌ಮೆಂಟ್’ ಎಷ್ಟು ದೊಡ್ಡ ಅನ್ಯಾಯ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಬರೆಸಿಕೊಂಡ ಯಾವ ಕರಾರೂ ಕಾನೂನಿನ ಮುಂದೆ ಊರ್ಜಿತವಲ್ಲ. ಇದಕ್ಕಾಗಿ ಸತ್ತವರ ಮನೆಯವರು ಜಾರ್ಖಂಡಿನಿಂದ ಇಲ್ಲಿಗೆ ಮತ್ತೆ ಮತ್ತೆ ಬರಬೇಕಿಲ್ಲ. ತಾವು ವಾಸಿಸುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಬಹುದು. ಆದರೆ ಕೂಲಿ ಎಷ್ಟಿತ್ತು ಎಂಬ ದಾಖಲೆಯನ್ನು ಅಲ್ಲಿ ಕೇಳುತ್ತಾರೆ.

ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಾರ್ಖಾನೆ, ಹೋಟೆಲುಗಳಲ್ಲಿ ತಿಂಗಳ ಕೂಲಿ 21 ಸಾವಿರದೊಳಗಿದ್ದವರಿಗೆ ಇಎಸ್‌ಐ ಇರಬೇಕು. ಅಲ್ಲಿ ಚಿಕಿತ್ಸೆಯನ್ನೂ ಅಪಘಾತದ ನಂತರದ ಆದಾಯವನ್ನೂ ಇಎಸ್‌ಐ ನೋಡಿಕೊಳ್ಳುತ್ತದೆ. ಕಾರ್ಮಿಕರ ಪಾಲು ಕೂಲಿಯ ಶೇ 0.75, ಮಾಲೀಕರದು ಶೇ 3.25. ಇಪ್ಪತ್ತು ಮಂದಿ ಇದ್ದಲ್ಲಿ ಪಿಎಫ್ ಕೂಡ ಬರುತ್ತದೆ. ಅದರ ಯುಎಎನ್ ಸಂಖ್ಯೆ ಊರು ಬದಲಿಸಿದರೂ ಬದಲಾಗದು. ಅದನ್ನು ಫೋನಿನಲ್ಲಿ ಉಳಿಸಿಕೊಳ್ಳಲು ಹೇಳಿಕೊಡುವುದೇ ದೊಡ್ಡ ಉಪಕಾರ.

ಕಟ್ಟಡ ಕೆಲಸದವರಿಗೆ ರಾಜ್ಯದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಇದೆ. ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ, 18ರಿಂದ 60 ವರ್ಷದೊಳಗಿನ ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದು. ಒಡಿಶಾದವರಾದರೂ ಅಡ್ಡಿಯಿಲ್ಲ. ಮಂಡಳಿಗೆ ಹಣ ಬರುವುದು ಕಟ್ಟಡದ ವೆಚ್ಚದ ಮೇಲೆ ವಸೂಲಿ ಮಾಡುವ ಶೇ 1ರ ಸೆಸ್‌ನಿಂದ. ಅಂದರೆ ಬಂಟ್ವಾಳದಲ್ಲಿ ಏಳುವ ಪ್ರತಿ ವಾಣಿಜ್ಯ ಸಂಕೀರ್ಣವೂ ಅದನ್ನು ಕಟ್ಟುವವರ ಹೆಸರಿನಲ್ಲಿ ಹಣ ಕಟ್ಟಿದೆ. ಆ ಹಣ ಅವರನ್ನು ತಲುಪಬೇಕಾದರೆ 90 ದಿನ ದುಡಿದದ್ದಕ್ಕೆ ಸಾಕ್ಷಿ ಬೇಕು. ಮತ್ತೆ ಅದೇ ಹಾಜರಿ ಲೆಕ್ಕ.

ರೇಷನ್ ಕಾರ್ಡಿನ ವಿಷಯದಲ್ಲಿ ದಾರಿ ಇನ್ನಷ್ಟು ಸುಲಭ. ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಬಿಹಾರದ ಕಾರ್ಡಿನವರು ಮೂಡುಬಿದಿರೆಯ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ತಮ್ಮ ಪಾಲಿನ ಧಾನ್ಯ ಪಡೆಯಬಹುದು. ಕಾರ್ಡು ಊರಿನಲ್ಲೇ ಇದ್ದರೂ ಸಂಖ್ಯೆ ಇದ್ದರೆ ಸಾಕು, ಊರಿನಲ್ಲಿರುವ ಮನೆಯವರು ತಮ್ಮ ಪಾಲನ್ನು ಅಲ್ಲೇ ತೆಗೆದುಕೊಳ್ಳಬಹುದು.

ನಾವು ಕಂಡು ಬಲ್ಲ ಪಾಠ

ಇದೆಲ್ಲ ಕಾಗದದ ಮೇಲೆ ಚೆಂದ, ನಡೆಯುವುದೆಲ್ಲಿ ಎಂದು ಕೇಳುವವರಿಗೆ ನಮ್ಮ ಮನೆಗಳಲ್ಲೇ ಉತ್ತರವಿದೆ. ಈ ತಾಲ್ಲೂಕುಗಳಲ್ಲಿ ತಲೆಮಾರುಗಳ ಕಾಲ ಹೆಂಗಸರು ಬೀಡಿ ಕಟ್ಟಿದ್ದಾರೆ. ಮನೆಯ ಜಗಲಿಯಲ್ಲಿ ಕುಳಿತು ಮಾಡುವ ಕೆಲಸವನ್ನು ಕೆಲಸವೆಂದು, ಮಾಡುವವರನ್ನು ಕಾರ್ಮಿಕರೆಂದು ಒಪ್ಪಿಸುವುದು ಸುಲಭವಿರಲಿಲ್ಲ. ಸಂಘಗಳು ಹೋರಾಡಿದವು, 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು. ಆ ಕಾಯ್ದೆಗಳನ್ನು ನಮ್ಮ ಅಮ್ಮಂದಿರು ಓದಿದವರಲ್ಲ. ಅವರ ಕೈಯಲ್ಲಿ ಇದ್ದದ್ದು ಒಂದು ಪುಸ್ತಕ. ಬೀಡಿ ಕಂಪನಿಯ ಬ್ರಾಂಚಿನಿಂದ ತಂದ ಎಲೆ, ಹೊಗೆಸೊಪ್ಪು, ಒಪ್ಪಿಸಿದ ಬೀಡಿ, ಸಿಕ್ಕಿದ ಮಜೂರಿ ಎಲ್ಲವನ್ನೂ ಅದರಲ್ಲಿ ಬರೆಯುತ್ತಿದ್ದರು. ಆ ಪುಸ್ತಕದ ಆಧಾರದ ಮೇಲೆ ಪಿಎಫ್ ಬಂತು, ಮಕ್ಕಳಿಗೆ ವಿದ್ಯಾರ್ಥಿವೇತನ ಬಂತು. ಅಕ್ಷರ ಬಾರದವರೂ ಆ ಪುಸ್ತಕವನ್ನು ಜೋಪಾನ ಮಾಡುತ್ತಿದ್ದರು, ಅದರ ಬೆಲೆ ಏನೆಂದು ಅವರಿಗೆ ಗೊತ್ತಿತ್ತು.

ಇನ್ನೊಂದು ಪಾಠ ನಮ್ಮ ಗಂಡಸರು ಕಲಿತದ್ದು. ಮುಂಬೈಯ ಹೋಟೆಲುಗಳಿಗೆ, ಆಮೇಲೆ ಕೊಲ್ಲಿ ದೇಶಗಳಿಗೆ ಹೋದವರು ಇಲ್ಲಿಯ ಊರೂರಲ್ಲಿದ್ದಾರೆ. ಪಾಸ್‌ಪೋರ್ಟನ್ನು ಮಾಲೀಕ ಕಪಾಟಿನಲ್ಲಿಟ್ಟುಕೊಂಡರೆ ಮನುಷ್ಯನಿಗೆ ಏನಾಗುತ್ತದೆಂದು ಅವರಿಗೆ ತಿಳಿದಿದೆ. ಹಾಗಿರುವಾಗ ನಮ್ಮ ಕೆಲಸಕ್ಕೆ ಬಂದವರ ಮೂಲ ಆಧಾರ್ ಕಾರ್ಡನ್ನು ನಾವು ಕಪಾಟಿನಲ್ಲಿಟ್ಟು ಬೀಗ ಹಾಕುವುದು ಸರಿಯೇ? ಗುರುತಿಗೆ ಪ್ರತಿ ಸಾಕು. ಮೂಲ ಕಾರ್ಡ್ ಹಿಡಿದಿಟ್ಟುಕೊಳ್ಳುವ ಅಧಿಕಾರ ಯಾವ ಮಾಲೀಕರಿಗೂ ಇಲ್ಲ.

ಹಕ್ಕಿನ ಮಾತು ಹೇಳಿಕೊಟ್ಟರೆ ಆಳುಗಳು ಕೈಬಿಟ್ಟು ಹೋಗುತ್ತಾರೆ ಎಂಬ ಅಂಜಿಕೆ ತೋಟದ ಧಣಿಗಳಲ್ಲಿ, ಚಿಕ್ಕ ಗುತ್ತಿಗೆದಾರರಲ್ಲಿ ಇದೆ. ಅವರ ಕಷ್ಟ ಸುಳ್ಳಲ್ಲ, ಆಳು ಸಿಗದೆ ಕೊಯ್ಲು ಬಾಕಿಯಾದವರ ಸಂಕಟ ನಮಗೆ ಗೊತ್ತು. ಆದರೆ ಲೆಕ್ಕ ಬರೆದಿಟ್ಟರೆ ಮಾಲೀಕರಿಗೂ ರಕ್ಷೆ. ಕೃಷಿ ಅಥವಾ ಮನೆಗೆಲಸಕ್ಕೆ ಐದು ಮಂದಿಗಿಂತ ಹೆಚ್ಚು ಇಟ್ಟುಕೊಳ್ಳದವರಿಗೆ ದಾಖಲೆ ಪುಸ್ತಕ, ವೇತನ ಚೀಟಿಗಳ ಕಟ್ಟುಪಾಡಿನಿಂದ ವೇತನ ಸಂಹಿತೆ ವಿನಾಯಿತಿ ಕೊಟ್ಟಿದೆ. ಆದರೂ ಅಧಿಕಾರಿ ಕೇಳಿದರೆ ಕೂಲಿ ಕೊಟ್ಟದ್ದಕ್ಕೆ ತಕ್ಕ ಪುರಾವೆ ತೋರಿಸಲೇಬೇಕು. ಬ್ಯಾಂಕ್ ಖಾತೆಗೆ ಹಾಕಿದ ಹಣ, ಇಬ್ಬರೂ ಸಹಿ ಹಾಕಿದ ಹತ್ತು ರೂಪಾಯಿಯ ನೋಟ್‌ಬುಕ್ ಇದ್ದರೆ ಆ ಪುರಾವೆ ಸಿದ್ಧ. ಕೂಲಿ ಸರಿಯಾಗಿ ಸಿಗುವ ಜಾಗಕ್ಕೆ ಮರುವರ್ಷವೂ ಅವರೇ ಬರುತ್ತಾರೆ, ಬರುವಾಗ ಊರಿನ ಇನ್ನೂ ನಾಲ್ವರನ್ನು ಕರೆತರುತ್ತಾರೆ.

ತೊಂದರೆಯಾದಾಗ ಹೋಗಬೇಕಾದ ಜಾಗಗಳು ಹೆಚ್ಚಿಲ್ಲ, ನೆನಪಿಡುವುದು ಸುಲಭ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರು ಮೊದಲ ಬಾಗಿಲು, ಅವರ ಮೇಲಿನ ಅಧಿಕಾರಿಗಳು ಮಂಗಳೂರಿನಲ್ಲಿದ್ದಾರೆ. ರಾಜ್ಯ ಕಾರ್ಮಿಕ ಇಲಾಖೆಯ ಸಹಾಯವಾಣಿ 155214. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು, ಜೀತಕ್ಕೆ ಸಿಲುಕಿದವರು ಅಲ್ಲಿ ಉಚಿತ ನೆರವಿಗೆ ಅರ್ಹರು. ಅದರ ದೂರವಾಣಿ 15100. ಅಸಂಘಟಿತ ಕಾರ್ಮಿಕರ ಇ–ಶ್ರಮ್ ನೋಂದಣಿಗೆ 14434.

ನಂಬರ್ ಬರೆದುಕೊಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ಕನ್ನಡ ಬಾರದವರು ಸರ್ಕಾರಿ ಕಚೇರಿಯ ಬಾಗಿಲಲ್ಲಿ ಹೇಗೆ ನಿಲ್ಲುತ್ತಾರೆ, ಏನೆಂದು ಕೇಳುತ್ತಾರೆ? ಇಲ್ಲಿ ನಮ್ಮ ಕೆಲಸವಿದೆ. ಪಂಚಾಯಿತಿಗಳು ಹಿಂದಿ, ಒಡಿಯಾ, ಬಂಗಾಳಿ, ಕನ್ನಡದಲ್ಲಿ ಒಂದು ಪುಟದ ಮಾಹಿತಿ ಮುದ್ರಿಸಿ, ಕಟ್ಟಡದ ಪರವಾನಗಿ ಕೊಡುವಾಗಲೇ ಮಾಲೀಕರ ಕೈಗೆ ಕೊಟ್ಟು ಶೆಡ್ಡಿನ ಗೋಡೆಗೆ ಅಂಟಿಸಲು ಹೇಳಬಹುದು. ಓದಲು ಬಾರದವರಿಗೆ ಅದನ್ನೇ ಧ್ವನಿಯಲ್ಲಿ ದಾಖಲಿಸಿ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಬಹುದು. ಉಜಿರೆ, ಮೂಡುಬಿದಿರೆ, ಬಂಟ್ವಾಳದ ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಭಾನುವಾರಗಳಲ್ಲಿ ಶೆಡ್‌ಗಳಿಗೆ ಹೋಗಿ ಇ–ಶ್ರಮ್, ಕಲ್ಯಾಣ ಮಂಡಳಿ ಅರ್ಜಿಗಳನ್ನು ತುಂಬಿಕೊಡಬಹುದು. ಹಿಂದಿ ಬಲ್ಲ ಒಬ್ಬ ವಿದ್ಯಾರ್ಥಿ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಜತೆಯಲ್ಲಿ ಹೋದರೆ ಒಂದು ಕುಟುಂಬದ ಆರು ತಿಂಗಳ ಕೂಲಿ ಉಳಿಯಬಹುದು.

ಇದೆಲ್ಲಕ್ಕಿಂತ ಮೊದಲು ಪ್ರತಿಯೊಬ್ಬರೂ ನಾಳೆಯೇ ಮಾಡಬಹುದಾದ್ದು ಒಂದಿದೆ. ನಿಮ್ಮ ಮನೆಯ ಕಾಂಪೌಂಡು ಕಟ್ಟುತ್ತಿರಲಿ, ತೋಟದಲ್ಲಿ ಅಡಿಕೆ ಸುಲಿಯುತ್ತಿರಲಿ, ಅಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಒಂದು ಪುಸ್ತಕ ಕೊಡಿ. ಹೆಸರು, ಊರು, ಮನೆಯವರ ಫೋನ್ ನಂಬರ್, ಕೆಲಸಕ್ಕೆ ಬಂದ ದಿನಗಳು, ಗೊತ್ತು ಮಾಡಿದ ಕೂಲಿ, ಕೊಟ್ಟ ಹಣ ಎಲ್ಲ ಅದರಲ್ಲಿರಲಿ. ಮೇಸ್ತ್ರಿಯ ಮೂಲಕ ಬಂದವರಾದರೆ ಮೇಸ್ತ್ರಿಯ ಹೆಸರೂ ನಿಮ್ಮ ಹೆಸರೂ ಇರಲಿ. ವಾರಕ್ಕೊಮ್ಮೆ ಎರಡೂ ಕಡೆಯವರು ಸಹಿ ಹಾಕಿ, ಅದರ ಫೋಟೊ ಅವರ ಫೋನಿನಲ್ಲೂ ಇರಲಿ. ಕೂಲಿ, ಪರಿಹಾರ, ಮಂಡಳಿಯ ನೋಂದಣಿ ಎಲ್ಲಕ್ಕೂ ಮುಂದೊಂದು ದಿನ ಕೇಳುವುದು ಆ ಪುಸ್ತಕವನ್ನೇ. ಬರೆದುಕೊಡಲು ನಮಗೆ ತಗಲುವುದು ವಾರಕ್ಕೆ ಐದು ನಿಮಿಷ, ದುಡಿದವರಿಗೆ ಅದರಿಂದ ಸಿಗುವುದು ಕಾನೂನಿನ ಮುಂದೆ ನಿಂತು ತಮ್ಮ ಪಾಲನ್ನು ಕೇಳುವ ಬಲ.